‘ಸರ್ವರ್ ಇಲ್ಲ’ ಎಂಬ ಉತ್ತರದ ಹಿಂದೆ: ಪಂಚಾಯತಿ ತಂತ್ರಾಂಶಗಳ ನಿರಂತರ ಲಭ್ಯತೆ

ಗ್ರಾಮ ಪಂಚಾಯತಿಗಳ ದೈನಂದಿನ ಆಡಳಿತದ ಬಹುಭಾಗವು ಇಂದು ತಂತ್ರಾಂಶಗಳ ಮೂಲಕವೇ ನಡೆಯುತ್ತಿದೆ. ತೆರಿಗೆ ಲೆಕ್ಕ ಪಂಚತಂತ್ರದಲ್ಲಿದೆ. ನಮೂನೆ 9 ಮತ್ತು 11 ಇ-ಸ್ವತ್ತಿನಿಂದ ಬರುತ್ತವೆ. ಹಣಕಾಸು ಆಯೋಗದ ಅನುದಾನದ ಪಾವತಿ ಇ-ಗ್ರಾಮ ಸ್ವರಾಜ್ ಮೂಲಕ ಆಗುತ್ತದೆ. ಇವುಗಳಲ್ಲಿ ಯಾವುದಾದರೊಂದು ಸ್ಥಗಿತಗೊಂಡ ದಿನ ಕಚೇರಿಯ ಸಿಬ್ಬಂದಿ ನೀಡುವ ಉತ್ತರ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬುದು. ನಿವೇಶನದ ನೋಂದಣಿಗೆ ದಿನಾಂಕ ಗೊತ್ತುಪಡಿಸಿಕೊಂಡು ಪರಊರಿನಿಂದ ಬಂದವರಿಗೆ ಆ ‘ನಾಳೆ’ ಎಂದರೆ ಮತ್ತೊಂದು ದಿನದ ಕೂಲಿ, ಮತ್ತೊಂದು ಸಲದ ಬಸ್ ಖರ್ಚು. ಈ ನಷ್ಟ ಯಾವ ಲೆಕ್ಕಪುಸ್ತಕದಲ್ಲಿಯೂ ನಮೂದಾಗುವುದಿಲ್ಲ. ಆದುದರಿಂದ ತಂತ್ರಾಂಶದ ನಿರಂತರ ಲಭ್ಯತೆ ಎಂದರೇನು, ಅದನ್ನು ಹೇಗೆ ಯೋಜಿಸಲಾಗುತ್ತದೆ, ಅದರಲ್ಲಿ ಪಂಚಾಯತಿಯ ಪಾಲೆಷ್ಟು ಎಂಬುದನ್ನು ಮಾನ್ಯ ಸದಸ್ಯರು ತಿಳಿದಿರುವುದು ಅಗತ್ಯ.

ಲಭ್ಯತೆಯನ್ನು ಶೇಕಡಾವಾರು ಅಳೆಯುವುದು ರೂಢಿ. ‘ಶೇ. 99 ಲಭ್ಯತೆ’ ಎಂಬ ಮಾತು ಕೇಳಲು ಚೆನ್ನಾಗಿದೆ; ಆದರೆ ವರ್ಷದ 8,760 ಗಂಟೆಗಳಲ್ಲಿ ಶೇ. 1 ಎಂದರೆ 87 ಗಂಟೆಗಳಿಗೂ ಹೆಚ್ಚು, ಅಂದರೆ ಮೂರೂವರೆ ದಿನಕ್ಕೂ ಅಧಿಕ. ಶೇ. 99.9 ಎಂದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ, ಶೇ. 99.99 ಎಂದರೆ ಸುಮಾರು 53 ನಿಮಿಷ. ದಶಮಾಂಶ ಬಿಂದುವಿನ ನಂತರದ ಒಂದೊಂದು 9 ಸೇರಿದಂತೆಲ್ಲ ಖರ್ಚು ಏರುತ್ತ ಹೋಗುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಲೆಕ್ಕವಿದೆ. ಒಂದು ರಸೀದಿ ಮುದ್ರಣವಾಗಬೇಕಾದರೆ ನಮ್ಮ ಕಚೇರಿಯ ವಿದ್ಯುತ್, ಗಣಕಯಂತ್ರ, ಇಂಟರ್ನೆಟ್ ಸಂಪರ್ಕ ಹಾಗೂ ದೂರದ ಸರ್ವರ್ ಈ ನಾಲ್ಕೂ ಏಕಕಾಲದಲ್ಲಿ ಸುಸ್ಥಿತಿಯಲ್ಲಿರಬೇಕು. ನಾಲ್ಕೂ ತಲಾ ಶೇ. 99ರಷ್ಟು ಲಭ್ಯವಿದ್ದರೂ ಒಟ್ಟು ಫಲ ಶೇ. 96 ಮಾತ್ರ, ವರ್ಷಕ್ಕೆ ಹದಿನಾಲ್ಕು ದಿನಗಳಿಗೂ ಹೆಚ್ಚು ಸೇವೆ ಇರುವುದಿಲ್ಲ. ಸರಪಳಿಯಲ್ಲಿ ಕೊಂಡಿಗಳು ಹೆಚ್ಚಿದಂತೆ ಲಭ್ಯತೆ ಕುಗ್ಗುತ್ತದೆ. ಇದಕ್ಕೆ ವಿರುದ್ಧವಾಗಿ, ಒಂದೇ ಕೆಲಸಕ್ಕೆ ತಲಾ ಶೇ. 99ರ ಎರಡು ಸ್ವತಂತ್ರ ವ್ಯವಸ್ಥೆಗಳಿದ್ದರೆ ಎರಡೂ ಒಟ್ಟಿಗೆ ಕೈಕೊಡುವ ಸಂಭವ ಹತ್ತು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಇಲ್ಲಿ ‘ಸ್ವತಂತ್ರ’ ಎಂಬ ಪದವೇ ಪ್ರಾಣ. ಇದನ್ನು ಸದಸ್ಯರಿಗೆ ಹೊಸದಾಗಿ ಹೇಳಬೇಕಿಲ್ಲ. ಊರಿನ ಓವರ್‌ಹೆಡ್ ಟ್ಯಾಂಕಿಗೆ ಎರಡು ಕೊಳವೆಬಾವಿಗಳಿದ್ದರೂ ಎರಡಕ್ಕೂ ಒಂದೇ ಟಿ.ಸಿ.ಯಿಂದ ವಿದ್ಯುತ್ ಬರುತ್ತಿದ್ದರೆ, ಟಿ.ಸಿ. ಸುಟ್ಟ ದಿನ ಎರಡೂ ಪಂಪುಗಳು ನಿಲ್ಲುತ್ತವೆ. ಕಾಗದದಲ್ಲಿ ಎರಡು, ವಸ್ತುತಃ ಒಂದು. ಎರಡು ಬೇರೆ ಬೇರೆ ಕಂಪನಿಗಳ ಇಂಟರ್ನೆಟ್ ಪಡೆದು, ಎರಡೂ ಕೇಬಲ್‌ಗಳು ರಸ್ತೆಬದಿಯ ಒಂದೇ ಚರಂಡಿಯ ಪಕ್ಕದಲ್ಲಿ ಹೋಗಿದ್ದರೆ, ಒಂದು ಜೆಸಿಬಿ ಎರಡನ್ನೂ ಕಡಿಯುತ್ತದೆ. ಯಾವ ಒಂದು ವಸ್ತು ಕೆಟ್ಟರೆ ಇಡೀ ವ್ಯವಸ್ಥೆ ನಿಲ್ಲುತ್ತದೆಯೋ ಅದನ್ನು ಹುಡುಕುವುದೇ ನಿರಂತರ ಲಭ್ಯತೆಯ ಯೋಜನೆಯ ಮೊದಲ ಕೆಲಸ.

ದೊಡ್ಡ ತಂತ್ರಾಂಶಗಳಲ್ಲಿ ಇದೇ ತತ್ತ್ವವನ್ನು ಹಂತಹಂತವಾಗಿ ಅನ್ವಯಿಸಲಾಗುತ್ತದೆ. ಬರುವ ಬೇಡಿಕೆಗಳನ್ನು ಹಲವು ಸರ್ವರ್‌ಗಳಿಗೆ ಹಂಚುವ ವ್ಯವಸ್ಥೆ ಮುಂದಿರುತ್ತದೆ. ಒಂದು ಸರ್ವರ್ ಉತ್ತರಿಸದಿದ್ದರೆ ಕೆಲಸ ಉಳಿದವುಗಳಿಗೆ ಹೋಗುತ್ತದೆ. ದತ್ತಾಂಶದ ಮುಖ್ಯ ಪ್ರತಿಯ ಜೊತೆಗೆ ಕ್ಷಣಕ್ಷಣಕ್ಕೂ ನವೀಕರಣಗೊಳ್ಳುವ ಮೀಸಲು ಪ್ರತಿ ಇರುತ್ತದೆ. ಇಡೀ ಕಟ್ಟಡಕ್ಕೇ ಅಪಾಯವಾದರೆ ಎಂದು ಬೇರೆ ಊರಿನಲ್ಲಿ ಎರಡನೆಯ ಕೇಂದ್ರವನ್ನು ಇಡಲಾಗುತ್ತದೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ದೆಹಲಿ, ಪುಣೆ, ಹೈದರಾಬಾದ್ ಮತ್ತು ಭುವನೇಶ್ವರಗಳಲ್ಲಿ ದತ್ತಾಂಶ ಕೇಂದ್ರಗಳನ್ನು ಹೊಂದಿರುವುದನ್ನು ಇಲ್ಲಿ ನೆನೆಯಬಹುದು.

ಮೀಸಲು ಪ್ರತಿ ಮತ್ತು ಬ್ಯಾಕಪ್ ಒಂದೇ ಎಂಬ ತಪ್ಪುಕಲ್ಪನೆ ವ್ಯಾಪಕವಾಗಿದೆ. ಯಾರಾದರೂ ಒಂದು ವಾರ್ಡಿನ ಆಸ್ತಿ ದಾಖಲೆಗಳನ್ನು ತಪ್ಪಾಗಿ ಅಳಿಸಿದರೆ, ಮೀಸಲು ಪ್ರತಿಯಲ್ಲಿಯೂ ಅವು ಕ್ಷಣಮಾತ್ರದಲ್ಲಿ ಅಳಿದುಹೋಗುತ್ತವೆ. ಏಕೆಂದರೆ ಮುಖ್ಯ ಪ್ರತಿಯನ್ನು ಅನುಸರಿಸುವುದೇ ಅದರ ಕೆಲಸ. ನಿನ್ನೆಯ ಸ್ಥಿತಿಗೆ ಮರಳಲು ನಿನ್ನೆ ತೆಗೆದಿಟ್ಟ, ಪ್ರತ್ಯೇಕ ಸ್ಥಳದಲ್ಲಿರುವ ಬ್ಯಾಕಪ್ ಬೇಕು. ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ 2025ರ ಸೆಪ್ಟೆಂಬರ್ 26ರಂದು ಬ್ಯಾಟರಿಯಿಂದ ಬೆಂಕಿ ಹೊತ್ತಿ 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ಅಧಿಕಾರಿಗಳು ಕಡತಗಳನ್ನು ಇಡುತ್ತಿದ್ದ ಸಂಗ್ರಹಕ್ಕೆ ಹೊರಗಡೆ ಬ್ಯಾಕಪ್ ಇರಲಿಲ್ಲ. ಅದರಲ್ಲಿದ್ದ ದತ್ತಾಂಶ ನಾಶವಾಯಿತು. ತಂತ್ರಜ್ಞಾನದಲ್ಲಿ ಅಷ್ಟು ಮುಂದುವರಿದ ದೇಶದಲ್ಲಿಯೂ ಹೀಗಾಯಿತು. ಬ್ಯಾಕಪ್ ‘ತೆಗೆಯಲಾಗುತ್ತಿದೆ’ ಎಂಬ ಉತ್ತರವೂ ಸಾಲದು. ಅದರಿಂದ ದತ್ತಾಂಶವನ್ನು ಕೊನೆಯ ಬಾರಿ ಮರಳಿ ಪಡೆದು ಪರೀಕ್ಷಿಸಿದ ದಿನಾಂಕವನ್ನು ಕೇಳಬೇಕು.

ಹೊಸ ಆವೃತ್ತಿಯನ್ನು ಜಾರಿಗೆ ತರುವ ವಿಧಾನವೂ ಲಭ್ಯತೆಯ ಭಾಗವೇ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶದ ದೋಷಪೂರಿತ ನವೀಕರಣವೊಂದು ಜಗತ್ತಿನಾದ್ಯಂತ ಒಮ್ಮೆಗೇ ಹೋಗಿ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ ಸುಮಾರು 85 ಲಕ್ಷ ಗಣಕಯಂತ್ರಗಳು ಸ್ತಬ್ಧಗೊಂಡವು. ಮೊದಲು ಕೆಲವೇ ಯಂತ್ರಗಳಿಗೆ ಕಳುಹಿಸಿ ನೋಡಿದ್ದರೆ ಹಾನಿ ಅಲ್ಲಿಗೇ ನಿಲ್ಲುತ್ತಿತ್ತು. ಆದುದರಿಂದ ಹೊಸ ಆವೃತ್ತಿ ಮೊದಲು ಒಂದೆರಡು ಪಂಚಾಯತಿಗಳಲ್ಲಿ, ನಂತರ ಒಂದು ತಾಲ್ಲೂಕಿನಲ್ಲಿ, ಆ ಮೇಲೆ ಇಡೀ ಜಿಲ್ಲೆಯಲ್ಲಿ ಜಾರಿಯಾಗಬೇಕು; ತೊಂದರೆ ಕಂಡರೆ ಹಳೆಯ ಆವೃತ್ತಿಗೆ ಹಿಂದಿರುಗುವ ದಾರಿ ಮೊದಲೇ ಸಿದ್ಧವಿರಬೇಕು. ಮಾರ್ಚ್ ಕೊನೆಯ ವಾರದಲ್ಲಿ ಹೊಸ ಆವೃತ್ತಿ ಬಿಡುಗಡೆ ಮಾಡುವವರಿಗೆ ಪಂಚಾಯತಿಯ ಕೆಲಸ ತಿಳಿದಿಲ್ಲವೆಂದೇ ನನ್ನ ಅಭಿಪ್ರಾಯ.

ಸರ್ವರ್ ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ‘ಸರ್ವರ್ ಇಲ್ಲ’ ಎನ್ನುವ ಎಷ್ಟೋ ಸಂದರ್ಭಗಳಲ್ಲಿ ಸರ್ವರ್ ಸರಿಯಾಗಿಯೇ ಇರುತ್ತದೆ. ನಿಂತಿರುವುದು ಕಚೇರಿಯ ಗೋಡೆಯ ಮೇಲಿನ ಫೈಬರ್ ಪೆಟ್ಟಿಗೆ. ಗಣಕಯಂತ್ರಕ್ಕೆ ಯುಪಿಎಸ್ ಇರುತ್ತದೆ, ಹತ್ತಿಪ್ಪತ್ತು ವ್ಯಾಟ್ ಮಾತ್ರ ಬೇಡುವ ಆ ಪೆಟ್ಟಿಗೆಯನ್ನು ಮಾತ್ರ ಸಾದಾ ಪ್ಲಗ್ಗಿಗೆ ಸಿಕ್ಕಿಸಿರಲಾಗುತ್ತದೆ. ಕರೆಂಟ್ ಹೋದೊಡನೆ ಗಣಕಯಂತ್ರ ಉರಿಯುತ್ತದೆ, ಸಂಪರ್ಕ ಆರುತ್ತದೆ. 12 ವೋಲ್ಟ್, 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಅದರಲ್ಲಿ ಸುಮಾರು 1,000ವನ್ನು ಬಳಸಬಹುದೆಂದು ಹಿಡಿದರೂ, ಒಂದು ಗಣಕಯಂತ್ರ, ಪರದೆ ಮತ್ತು ಫೈಬರ್ ಪೆಟ್ಟಿಗೆ ಸೇರಿ 200 ವ್ಯಾಟ್ ಬಳಸಿದರೆ ಐದು ಗಂಟೆ ಕೆಲಸ ಸಾಗುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಇದಕ್ಕೆ ಜೋಡಿಸಬಾರದು. ಅದು ಕಾಯುವಾಗ ಎಳೆಯುವ ವಿದ್ಯುತ್ತಿಗೆ ಸಣ್ಣ ಯುಪಿಎಸ್ ತಾಳುವುದಿಲ್ಲ. ಎರಡನೆಯ ಸಂಪರ್ಕವಾಗಿ ಮತ್ತೊಂದು ಕೇಬಲ್‌ಗಿಂತ ಬೇರೆ ಕಂಪನಿಯ ಸಿಮ್ ಇರುವ ಡಾಂಗಲ್ ಒಳ್ಳೆಯದು, ಅದರ ಮಾರ್ಗವೇ ಬೇರೆಯಾಗಿರುವುದರಿಂದ.

ವ್ಯಕ್ತಿಗಳೂ ಕೊಂಡಿಗಳೇ. ಎಲ್ಲ ವಾಲ್ವ್‌ಗಳ ಗುಟ್ಟು ಒಬ್ಬ ನೀರುಗಂಟಿಗೆ ಮಾತ್ರ ತಿಳಿದಿರುವ ಊರಿನಲ್ಲಿ ಆತ ಮದುವೆಗೆ ಹೋದರೆ ನೀರಿಲ್ಲ. ಹಾಗೆಯೇ ಒಬ್ಬ ಡೇಟಾ ಎಂಟ್ರಿ ಆಪರೇಟರ್ ರಜೆ ಹಾಕಿದರೆ ಕೆಲಸ ನಿಲ್ಲಬಾರದು. ಇನ್ನೊಬ್ಬ ಸಿಬ್ಬಂದಿಗೆ ಅವರದೇ ಪ್ರತ್ಯೇಕ ಲಾಗಿನ್ ಮತ್ತು ತರಬೇತಿ ಇರಬೇಕು. ಪಾಸ್‌ವರ್ಡ್ ಹಂಚಿಕೊಳ್ಳುವುದು ಇದಕ್ಕೆ ಪರಿಹಾರವಲ್ಲ. ಡಿಜಿಟಲ್ ಸಹಿಯ ಟೋಕನ್ ಅನ್ನು ಆಪರೇಟರ್ ಬಳಿ ಬಿಟ್ಟುಹೋಗುವುದಂತೂ ಸಹಿ ಹಾಕಿದ ಖಾಲಿ ಚೆಕ್ ಬಿಟ್ಟುಹೋದಂತೆಯೇ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಪ್ರಕಾರ ಆ ಸಹಿಗೆ ಕಾನೂನಿನ ಮಾನ್ಯತೆ ಇದೆ. ಅಧ್ಯಕ್ಷರು ಅಥವಾ ಅಭಿವೃದ್ಧಿ ಅಧಿಕಾರಿ ಬದಲಾದಾಗ, ಇಲ್ಲವೇ ಸಹಿಯ ಅವಧಿ ಮುಗಿದಾಗ ಪಾವತಿಗಳು ನಿಲ್ಲುತ್ತವೆ. ಅವಧಿ ಮುಗಿಯುವ ದಿನಾಂಕ ಮೊದಲೇ ಗೊತ್ತಿರುವಂಥದು; ಒಂದು ತಿಂಗಳು ಮುಂಚಿತವಾಗಿಯೇ ನವೀಕರಣಕ್ಕೆ ಕ್ರಮ ವಹಿಸಬಹುದು.

ನೀರಿನ ಶುಲ್ಕದ ಬಿಲ್ಲಿಗೋ ಬೇರೆ ಕೆಲಸಕ್ಕೋ ತಂತ್ರಾಂಶವನ್ನು ಖರೀದಿಸುವ ಪ್ರಸ್ತಾವ ಸಭೆಗೆ ಬಂದಾಗ ಸದಸ್ಯರ ಪಾತ್ರ ಹೆಚ್ಚಿನದು. ಮೊದಲು ತೀರ್ಮಾನಿಸಬೇಕಾದುದು ಎರಡು ಸಂಗತಿ: ನಿಂತ ಸೇವೆ ಎಷ್ಟು ಹೊತ್ತಿನೊಳಗೆ ಮರಳಿ ನಡೆಯಬೇಕು? ಎಷ್ಟು ಹೊತ್ತಿನ ದತ್ತಾಂಶ ಕಳೆದುಹೋದರೆ ನಾವು ಸಹಿಸಬಲ್ಲೆವು? ಬೀದಿದೀಪದ ದೂರು ಅರ್ಧ ದಿನ ತಡವಾದರೆ ನಡೆದೀತು. ತೆರಿಗೆ ಕಟ್ಟಿದ ದಾಖಲೆ ತಡವಾಗಿ ಕಾಣಿಸಿದರೂ ಸರಿ, ಒಂದೇ ಒಂದು ಕೂಡ ಕಳೆಯಬಾರದು. ಈ ತೀರ್ಮಾನ ಎಂಜಿನಿಯರರದಲ್ಲ, ಸಭೆಯದು. ಒಪ್ಪಂದದಲ್ಲಿ ‘ಶೇ. 99.9’ ಎಂದಿದ್ದರೆ ಅದನ್ನು ತಿಂಗಳಿಗೆ ಎಣಿಸುತ್ತಾರೆಯೇ ವರ್ಷಕ್ಕೆಯೇ, ‘ನಿಗದಿತ ನಿರ್ವಹಣೆ’ಯ ಅವಧಿಯನ್ನು ಲೆಕ್ಕದಿಂದ ಬಿಡುತ್ತಾರೆಯೇ, ಆ ನಿರ್ವಹಣೆ ಕಚೇರಿ ವೇಳೆಯಲ್ಲಿ ನಡೆಯುತ್ತದೆಯೇ ಎಂದು ಕೇಳಬೇಕು. ಒಪ್ಪಂದ ಮುಗಿದಾಗ ದತ್ತಾಂಶವನ್ನು ಇನ್ನೊಂದು ತಂತ್ರಾಂಶ ಓದಬಲ್ಲ ರೂಪದಲ್ಲಿ ಹಿಂದಿರುಗಿಸುವ ಷರತ್ತಿಲ್ಲದಿದ್ದರೆ ಸಹಿ ಮಾಡದಿರುವುದೇ ಲೇಸು.

ಇಷ್ಟಾದರೂ ತಂತ್ರಾಂಶ ನಿಲ್ಲುವ ದಿನ ಬಂದೇ ಬರುತ್ತದೆ. ಮೇಲೆ ಹೇಳಿದ 2024ರ ಜುಲೈ ಘಟನೆಯ ದಿನ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿಯೇ ಕೈಬರಹದ ಬೋರ್ಡಿಂಗ್ ಪಾಸ್ ನೀಡಿ ಪ್ರಯಾಣಿಕರನ್ನು ಕಳುಹಿಸಲಾಯಿತು. ಪಂಚಾಯತಿಯಲ್ಲಿಯೂ ಅಂತಹ ದಿನಕ್ಕಾಗಿ ಪುಟಸಂಖ್ಯೆ ಹಾಕಿದ, ಮೊಹರು ಮಾಡಿದ ಒಂದು ವಹಿ ಇರಲಿ. ಅರ್ಜಿಯನ್ನು ಸ್ವೀಕರಿಸಿ, ದಿನಾಂಕ ಮತ್ತು ವೇಳೆ ಬರೆದ ಸ್ವೀಕೃತಿಯನ್ನು ಕೊಟ್ಟು, ಮೊಬೈಲ್ ಸಂಖ್ಯೆ ಪಡೆದು ಕಳುಹಿಸಬೇಕು; ‘ನಾಳೆ ಬನ್ನಿ’ ಎನ್ನಬಾರದು. ಸಕಾಲ ಸೇವೆಗಳಿಗೆ ಕಾಲಮಿತಿ ಇರುವುದರಿಂದ ಈ ದಿನಾಂಕ ಅರ್ಜಿದಾರರ ಹಕ್ಕಿನ ದಾಖಲೆಯೂ ಹೌದು. ಹಣದ ವಿಷಯ ಬೇರೆ: ಮೇಲಧಿಕಾರಿಗಳ ಲಿಖಿತ ಸೂಚನೆಯಿಲ್ಲದೆ ಬಿಡಿ ಹಾಳೆಯ ಮೇಲೆ ಹಣ ಪಡೆಯಕೂಡದು. ತಂತ್ರಾಂಶ ಮರಳಿದೊಡನೆ ವಹಿಯ ಪ್ರತಿಯೊಂದು ನಮೂದನ್ನು ಕ್ರಮಸಂಖ್ಯೆಯಂತೆಯೇ ಗಣಕಕ್ಕೆ ಏರಿಸಿ, ತಂತ್ರಾಂಶ ನೀಡಿದ ಅರ್ಜಿ ಸಂಖ್ಯೆಯನ್ನು ಎದುರಿನ ಅಂಕಣದಲ್ಲಿ ಬರೆದು, ಏರಿಸಿದವರೂ ತಾಳೆ ನೋಡಿದವರೂ ಸಹಿ ಮಾಡಬೇಕು. ಸೇವೆ ಎಂದು ನಿಂತಿತು, ಎಂದು ಮರಳಿತು, ಕಾರಣವೇನು ಎಂಬುದನ್ನೂ ಅದೇ ವಹಿಯಲ್ಲಿ ಬರೆದು ತಿಂಗಳ ಸಾಮಾನ್ಯ ಸಭೆಯ ಮುಂದೆ ಮಂಡಿಸಿದರೆ, ನಿಂತ ಗಂಟೆಗಳಲ್ಲಿ ವಿದ್ಯುತ್ತಿನದೆಷ್ಟು, ಸಂಪರ್ಕದ್ದೆಷ್ಟು, ಸರ್ವರಿನದೆಷ್ಟು ಎಂಬುದು ಸದಸ್ಯರಿಗೆ ಸಿಗುತ್ತದೆ. ಮುಂದಿನ ಕ್ರಿಯಾಯೋಜನೆಯಲ್ಲಿ ಹಣವನ್ನು ಬ್ಯಾಟರಿಗೆ ಇಡಬೇಕೋ ಎರಡನೆಯ ಸಂಪರ್ಕಕ್ಕೆ ಇಡಬೇಕೋ ಎಂಬುದನ್ನು ಆ ಲೆಕ್ಕದಿಂದ ನಿರ್ಧರಿಸಬಹುದು.