ಕೊಟ್ಟಿಗೆಯಷ್ಟೇ ಗಮನ ಮಕ್ಕಳ ಮನಸ್ಸಿನ ಮೇಲೂ ಇರಲಿ

ಹಾಲು ಉತ್ಪಾದಕ ಸಹೋದರಿಯರೇ,

ನಿಮ್ಮ ಹಸು ಒಂದು ಹೊತ್ತು ಮೇವು ಬಿಟ್ಟರೆ ನನಗೆ ಫೋನ್ ಬರುತ್ತದೆ. ಮೆಲುಕು ಹಾಕುತ್ತಿಲ್ಲ, ಮೂತಿ ಒಣಗಿದೆ, ಹಾಲು ಅರ್ಧ ಲೀಟರ್ ಇಳಿದಿದೆ ಎಂದು ನಾನು ಕೇಳುವ ಮೊದಲೇ ಹೇಳುತ್ತೀರಿ. ಎಷ್ಟೋ ಸಲ ಅರ್ಧ ರೋಗವನ್ನು ನೀವೇ ಪತ್ತೆ ಹಚ್ಚಿರುತ್ತೀರಿ. ಈ ಸಂಚಿಕೆಗೆ ಕೆಚ್ಚಲು ಬಾವಿನ ಬಗ್ಗೆ ಬರೆಯಬೇಕಿತ್ತು. ಅದನ್ನು ಮುಂದಿನ ತಿಂಗಳಿಗೆ ಇಟ್ಟುಕೊಂಡು, ಇಂದು ನಿಮ್ಮ ಮನೆಯ ಹೈಸ್ಕೂಲ್ ಮಕ್ಕಳ ಬಗ್ಗೆ ಬರೆಯುತ್ತಿದ್ದೇನೆ. ಕಾರಣ ಓದಿದರೆ ನಿಮಗೇ ತಿಳಿಯುತ್ತದೆ.

ಹಾಲು ಜ್ವರದ ಆ ರಾತ್ರಿ

ಚಳಿಗಾಲದ ಒಂದು ರಾತ್ರಿ ಮಹಿಳಾ ಸಂಘದ ಸದಸ್ಯೆಯೊಬ್ಬರ ಮನೆಗೆ ಹೋಗಿದ್ದೆ. ಕರು ಹಾಕಿ ಎರಡು ದಿನವಾಗಿದ್ದ ಮಿಶ್ರತಳಿ ಹಸು ಕುತ್ತಿಗೆ ತಿರುಗಿಸಿಕೊಂಡು ಮಲಗಿತ್ತು. ಕಿವಿ ತಣ್ಣಗಾಗಿತ್ತು. ಹಾಲು ಜ್ವರ ಎಂದು ನೋಡಿದ ಕೂಡಲೇ ತಿಳಿಯಿತು. ಕ್ಯಾಲ್ಸಿಯಂ ಬಾಟಲಿಯನ್ನು ನಿಧಾನವಾಗಿ ನರಕ್ಕೆ ಬಿಡಬೇಕು, ಅವಸರ ಮಾಡಿದರೆ ಹೃದಯಕ್ಕೆ ಅಪಾಯ. ಅಷ್ಟು ಹೊತ್ತೂ ಬಾಟಲಿ ಎತ್ತಿ ಹಿಡಿದು ನಿಂತವಳು ಆ ಮನೆಯ ಮಗಳು, ಹತ್ತನೇ ತರಗತಿ.

"ಓದು ಹೇಗೆ ನಡೀತಿದೆ ಮಗಾ?" ಎಂದು ಕೇಳಿದೆ. ಅವಳು ಮಾತಾಡಲಿಲ್ಲ. ತಾಯಿಯೇ ಹೇಳಿದರು: "ಅವಳಿಗೀಗ ಮಾತೇ ಬೇಡ ಡಾಕ್ಟ್ರಮ್ಮ. ಊಟನೂ ಬೇಡ. ಎಲ್ಲಾ ಸೊಕ್ಕು." ನಾನೂ ನಕ್ಕು ಸುಮ್ಮನಾದೆ. ಸ್ವಲ್ಪ ಹೊತ್ತಿಗೆ ಹಸು ಎದ್ದು ನಿಂತಿತು. ಎಲ್ಲರಿಗೂ ಸಂತೋಷವಾಯಿತು. ಟೀ ಕುಡಿದು ಬಂದೆ.

ತಿಂಗಳ ನಂತರ ಆ ತಾಯಿ ಡೇರಿ ಹತ್ತಿರ ಸಿಕ್ಕಿ ಕಣ್ಣೀರು ಹಾಕಿದರು. ಮಗಳು "ಬದುಕಿರೋದೇ ಬೇಡ ಅನ್ಸುತ್ತೆ" ಎಂದು ತರಗತಿಯ ಗೆಳತಿಗೆ ಹೇಳಿದ್ದಳಂತೆ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದಳಂತೆ. ಆ ಗೆಳತಿ ಶಾಲೆಯಲ್ಲಿ ತರಬೇತಿ ಪಡೆದವಳು. ಆಣೆ ಮುರಿದು ಅದೇ ದಿನ ಟೀಚರ್‌ಗೆ ಹೇಳಿದಳು. ಟೀಚರ್ ಮನೆಗೆ ಬಂದರು, ಆಸ್ಪತ್ರೆಗೆ ಕರೆದುಕೊಂಡು ಹೋದರು. ಹುಡುಗಿಗೆ ಚಿಕಿತ್ಸೆ ನಡೆಯಿತು. ಈಗ ಚೆನ್ನಾಗಿದ್ದಾಳೆ.

"ಹಸು ಕಿವಿ ತಣ್ಣಗಾಗಿದ್ದು ನಂಗೆ ಗೊತ್ತಾಯ್ತು ಡಾಕ್ಟ್ರಮ್ಮ, ಮಗಳು ತಣ್ಣಗಾಗಿದ್ದು ಗೊತ್ತಾಗ್ಲಿಲ್ಲ" ಎಂದರು ಆ ತಾಯಿ. ಅವರೊಬ್ಬರ ತಪ್ಪಲ್ಲ ಅದು. ಅಷ್ಟು ಹೊತ್ತು ಆ ಮಗುವಿನ ಪಕ್ಕದಲ್ಲೇ ಇದ್ದ ನನಗೂ ಗೊತ್ತಾಗಲಿಲ್ಲ. ಅವರ ಮತ್ತು ಮಗಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಊರು ಬೇಡ.

ಆ ಗೆಳತಿ ಕಲಿತದ್ದೇನು?

ಗುಪ್ತ ಕೆಚ್ಚಲು ಬಾವು ನಿಮಗೆ ಗೊತ್ತು. ಹಾಲು ನೋಡಲು ಸರಿಯಾಗಿಯೇ ಇರುತ್ತದೆ, ಪರೀಕ್ಷೆ ಮಾಡಿದಾಗಲೇ ತಿಳಿಯುವುದು. ಮನಸ್ಸಿನ ನೋವೂ ಹಾಗೆಯೇ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇಕಡಾ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಕಂಡುಬಂತು. ಆ ಲೆಕ್ಕದಲ್ಲಿ 60 ಮಕ್ಕಳ ತರಗತಿಯಲ್ಲಿ ನಾಲ್ವರು. ಈ ವಯಸ್ಸಿನ ಮಕ್ಕಳು ಮನಸ್ಸಿನ ಮಾತನ್ನು ಮೊದಲು ಹೇಳುವುದು ಅಪ್ಪ ಅಮ್ಮನಿಗಲ್ಲ, ಪಕ್ಕದಲ್ಲಿ ಕೂತ ಗೆಳೆಯ ಗೆಳತಿಗೆ. ಅದಕ್ಕೇ ಅವರನ್ನೇ ತಯಾರು ಮಾಡುವ ಯೋಜನೆಗಳು ಬಂದವು.

2014ರ ಜನವರಿಯಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಊರಿನ ಹುಡುಗ ಹುಡುಗಿಯರನ್ನೇ ಆರಿಸಿ ಸಮವಯಸ್ಕ ಶಿಕ್ಷಕರನ್ನಾಗಿ ತರಬೇತಿ ಕೊಡಲಾಗುತ್ತದೆ. ಪೌಷ್ಟಿಕ ಆಹಾರ, ದುಶ್ಚಟಗಳ ತಡೆ ಮುಂತಾದ ಆರು ವಿಷಯಗಳಲ್ಲಿ ಮಾನಸಿಕ ಆರೋಗ್ಯವೂ ಒಂದು. ಆಯುಷ್ಮಾನ್ ಭಾರತದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರಿಗೆ ತರಬೇತಿ ಇದೆ. ಅವರ ಜೊತೆ ಕೆಲಸ ಮಾಡಲು ತರಗತಿಯ ಮಕ್ಕಳನ್ನೂ ಆರೋಗ್ಯ ದೂತರಾಗಿ ಆರಿಸುತ್ತಾರೆ.

ಈ ಮಕ್ಕಳು ಡಾಕ್ಟರೂ ಅಲ್ಲ, ಆಪ್ತ ಸಮಾಲೋಚಕರೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾನಸಿಕ ಪ್ರಥಮ ಚಿಕಿತ್ಸೆಯಲ್ಲಿ ಮೂರು ಮಾತಿದೆ: ನೋಡು, ಕೇಳು, ಜೋಡಿಸು. ಮಕ್ಕಳ ಕೆಲಸವೂ ಅಷ್ಟೇ.

• ನೋಡು: ಯಾರು ಒಂಟಿಯಾಗಿ ಕೂರುತ್ತಿದ್ದಾರೆ, ಯಾರು ಊಟ ಬಿಟ್ಟಿದ್ದಾರೆ, ಯಾರು ಶಾಲೆ ತಪ್ಪಿಸುತ್ತಿದ್ದಾರೆ ಎಂದು ಗಮನಿಸುವುದು.
• ಕೇಳು: ಬುದ್ಧಿ ಹೇಳದೆ, ನಗದೆ, ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳುವುದು.
• ಜೋಡಿಸು: ನಂಬಿಕೆಯ ಟೀಚರ್, ತಾಯಿ ಅಥವಾ ಆಸ್ಪತ್ರೆಗೆ ಮುಟ್ಟಿಸುವುದು.

ಒಬ್ಬರು ಹೇಳಿದ್ದನ್ನು ಊರಿಗೆಲ್ಲ ಹೇಳಬಾರದು. ಆದರೆ ಜೀವಕ್ಕೆ ಅಪಾಯ ಅನ್ನಿಸಿದರೆ ಗುಟ್ಟು ಇಟ್ಟುಕೊಳ್ಳಲೂಬಾರದು, ಕೂಡಲೇ ದೊಡ್ಡವರಿಗೆ ಹೇಳಬೇಕು. ಮಕ್ಕಳಿಗೆ ಇದೇ ಬಹಳ ಕಷ್ಟದ ಪಾಠ. ಆಣೆ ಮುರಿದ ಆ ಹುಡುಗಿಯ ಜೊತೆ ಗೆಳತಿ ಒಂದು ತಿಂಗಳು ಮಾತು ಬಿಟ್ಟಿದ್ದಳಂತೆ. ಈಗ ಇಬ್ಬರೂ ಒಟ್ಟಿಗೇ ಶಾಲೆಗೆ ಹೋಗುತ್ತಾರೆ.

ನೀವು ಕೇಳುವ ಪ್ರಶ್ನೆಗಳು

"ಓದೋ ಮಕ್ಕಳಿಗೆ ಈ ಭಾರ ಯಾಕೆ?" ಎಂದು ಸಂಘದ ಸಭೆಯಲ್ಲಿ ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಗೆಳತಿಯ ಕಷ್ಟವನ್ನು ಪರಿಹರಿಸುವ ಭಾರ ಮಗುವಿನದಲ್ಲ, ಮುಟ್ಟಿಸುವುದಷ್ಟೇ ಅವಳ ಕೆಲಸ. ತರಬೇತಿ ಇಲ್ಲದಿದ್ದರೂ ಗೆಳತಿಯರು ಹೇಳಿಕೊಳ್ಳುತ್ತಾರೆ. ಆಗ ಮಗು ಆ ಗುಟ್ಟನ್ನು ಒಬ್ಬಳೇ ಹೊರಬೇಕಾಗುತ್ತದೆ. ಆದ್ದರಿಂದ ನಿಮ್ಮ ಮಗಳು ಅಥವಾ ಮಗ ಆಯ್ಕೆಯಾಗಿದ್ದರೆ ಬೇಡ ಎನ್ನಬೇಡಿ. "ಇವತ್ತು ನಿಂಗೆ ಭಾರ ಅನ್ಸೋದು ಏನಾದ್ರೂ ಇತ್ತಾ?" ಎಂದು ಅವರನ್ನೂ ಆಗಾಗ ಕೇಳಿ. ಬೇರೆ ಮನೆಯ ಮಗುವಿನ ಹೆಸರು ಮಾತ್ರ ಕೇಳಬೇಡಿ.

"ಮಗಳನ್ನ ಮಾನಸಿಕ ಡಾಕ್ಟರ ಹತ್ರ ಕರ್ಕೊಂಡು ಹೋದ್ರೆ ನಾಳೆ ಮದುವೆಗೆ ತೊಂದರೆ ಆಗಲ್ವಾ?" ಎಂದು ಇನ್ನೊಬ್ಬರು ಮೆಲ್ಲಗೆ ಕೇಳಿದರು. ಬಾವು ಬಂದ ಕೆಚ್ಚಲಿಗೆ ಮೊದಲ ದಿನವೇ ಔಷಧಿ ಕೊಟ್ಟರೆ ಮೊಲೆ ಉಳಿಯುತ್ತದೆ, ಬಚ್ಚಿಟ್ಟರೆ ಕಳೆದುಕೊಳ್ಳುತ್ತೇವೆ. ಮಕ್ಕಳ ವಿಷಯದಲ್ಲಿ ಬಚ್ಚಿಟ್ಟು ಕಳೆದುಕೊಳ್ಳುವುದು ಇನ್ನೂ ದೊಡ್ಡದು. ಚಿಕಿತ್ಸೆಯ ವಿಷಯವನ್ನು ಗೋಪ್ಯವಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ರೋಗಿಯ ಹಕ್ಕು.

ಮನೆಯಲ್ಲಿ ನೀವು ಮಾಡಬಹುದಾದದ್ದು

• ಎರಡು ವಾರಕ್ಕೂ ಹೆಚ್ಚು ಕಾಲ ಊಟ, ನಿದ್ದೆ ಕೆಟ್ಟಿದ್ದರೆ, ಆಟ ಬಿಟ್ಟಿದ್ದರೆ, ಕಾರಣವಿಲ್ಲದೆ ಅಳು ಅಥವಾ ಸಿಟ್ಟು ಬರುತ್ತಿದ್ದರೆ ಸೊಕ್ಕು ಎಂದು ತಳ್ಳಿಹಾಕಬೇಡಿ.
• "ಸಾಯ್ಬೇಕು ಅನ್ಸುತ್ತೆ" ಎಂಬ ಮಾತು ಬಂದರೆ ಎರಡು ವಾರ ಕಾಯಬೇಡಿ. ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಸಹಾಯ ಪಡೆಯಿರಿ.
• ಎದುರು ಕೂರಿಸಿಕೊಂಡು ವಿಚಾರಣೆ ಬೇಡ. ಸಂಜೆ ಹಾಲು ಕರೆಯುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಕೈಗೆ ಕೆಲಸವಿದ್ದರೆ ಬಾಯಿಗೆ ಮಾತು ಸುಲಭ.
• "ಪಕ್ಕದ ಮನೆಯವಳನ್ನ ನೋಡಿ ಕಲಿ" ಎಂಬ ಮಾತು ಬಿಡಿ. ಒಂದೇ ಮೇವು ತಿಂದರೂ ಎರಡು ಹಸು ಒಂದೇ ಅಳತೆ ಹಾಲು ಕೊಡುವುದಿಲ್ಲ.
• ಉಣ್ಣೆಗೆ ಹಾಕುವ ಔಷಧಿ, ಕೀಟನಾಶಕ, ಕಳೆನಾಶಕಗಳನ್ನು ಕೊಟ್ಟಿಗೆಯ ಗೂಡಿನಲ್ಲಿ ಬಿಡಬೇಡಿ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿ ನಿಮ್ಮ ಹತ್ತಿರ ಇರಲಿ. ಇದನ್ನು ಪಶುವೈದ್ಯೆಯಾಗಿ ಕೈಮುಗಿದು ಕೇಳುತ್ತೇನೆ. ದುಡುಕಿನ ಒಂದು ಗಳಿಗೆ ದಾಟಿದರೆ ಎಷ್ಟೋ ಜೀವ ಉಳಿಯುತ್ತದೆ.

ಎಲ್ಲಿ ಸಹಾಯ ಸಿಗುತ್ತದೆ?

ಟೆಲಿ ಮನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ರಂದು ಆರಂಭವಾದ ಈ ಸೇವೆ ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ದಾರಿ ಗೊತ್ತಾಗದಿದ್ದರೆ ನಿಮ್ಮ ಆಶಾ ಕಾರ್ಯಕರ್ತೆಯನ್ನು ಕೇಳಿ.

ಈ ಎರಡು ನಂಬರ್‌ಗಳನ್ನು ಡೇರಿಯ ಫಲಕದಲ್ಲಿ, ಫ್ಯಾಟ್ ದರದ ಪಟ್ಟಿಯ ಪಕ್ಕದಲ್ಲೇ ಬರೆಸಿ ಎಂದು ಎಲ್ಲ ಸಂಘಗಳ ಕಾರ್ಯದರ್ಶಿಗಳಲ್ಲಿ ವಿನಂತಿ. ಹಾಲು ಹಾಕಲು ಬರುವ ಮಕ್ಕಳೂ ದಿನಾ ನೋಡುವ ಜಾಗ ಅದು.

ನಾನಂತೂ ಈಗ ಕೊಟ್ಟಿಗೆಗೆ ಬಂದಾಗ ಬಾಟಲಿ ಹಿಡಿದು ನಿಂತ ಮಗುವಿನ ಮುಖವನ್ನೂ ನೋಡುತ್ತೇನೆ. ಇವತ್ತು ಸಂಜೆ ಹಾಲು ಕರೆಯುವ ಹೊತ್ತಿಗೆ ನೀವೂ ನಿಮ್ಮ ಮಗುವನ್ನು ಪಕ್ಕಕ್ಕೆ ಕರೆದುಕೊಳ್ಳಿ. ಕೆಚ್ಚಲು ಬಾವಿನ ವಿಷಯ ಮುಂದಿನ ಸಂಚಿಕೆಯಲ್ಲಿ.

– ಪಶುವೈದ್ಯಾಧಿಕಾರಿ