ಪಾಸ್‌ಬುಕ್ಕಿನಿಂದ ತಾನಾಗಿ ಹೋಗುವ ವಿಮೆ ಹಣ

ಸಾಸಿವೆ ಡಬ್ಬಿಯಲ್ಲಿಟ್ಟ ದುಡ್ಡು ನಾವು ಕೈ ಹಾಕದೆ ಕದಲುವುದಿಲ್ಲ. ಬ್ಯಾಂಕಿನಲ್ಲಿಟ್ಟ ದುಡ್ಡು ಹಾಗಲ್ಲ. ಎಂದೋ ಹಾಕಿದ ಒಂದು ರುಜುವಿನ ಮೇಲೆ ಅದು ವರ್ಷ ವರ್ಷವೂ ತಾನಾಗಿ ಹೊರಟುಬಿಡುತ್ತದೆ. ಜೂನ್ ತಿಂಗಳಲ್ಲಿ ಒಮ್ಮೆ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ ನೋಡಿ. ಮೇ ಕೊನೆಯ ವಾರದಲ್ಲಿ 436 ರೂಪಾಯಿಯೋ 20 ರೂಪಾಯಿಯೋ ಕಳೆದಿದ್ದರೆ, ಅದು ಸರ್ಕಾರಿ ವಿಮೆಯ ಕಂತು ಎಂದು ತಿಳಿಯಿರಿ.

ಎರಡು ವಿಮೆ, ಎರಡು ಕೆಲಸ

2015ರ ಮೇ 9ರಂದು ಎರಡು ಯೋಜನೆಗಳು ಆರಂಭವಾದವು. ಮೊದಲನೆಯದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆ. ಯಾವುದೇ ಕಾರಣದಿಂದ ಸಾವು ಬಂದರೂ ಮನೆಯವರಿಗೆ 2 ಲಕ್ಷ ರೂಪಾಯಿ. 18ರಿಂದ 50 ವರ್ಷದವರು ಸೇರಬಹುದು, 55ರವರೆಗೆ ಮುಂದುವರಿಸಬಹುದು. ಎರಡನೆಯದು ಸುರಕ್ಷಾ ವಿಮೆ. ಇದು ಅಪಘಾತಕ್ಕೆ ಮಾತ್ರ. ಸಾವಿಗೆ ಅಥವಾ ಪೂರ್ತಿ ಅಂಗವೈಕಲ್ಯಕ್ಕೆ 2 ಲಕ್ಷ, ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ. 18ರಿಂದ 70 ವರ್ಷದವರಿಗೆ ಇದೆ.

ಮೊದಲು ಕಂತು 330 ಮತ್ತು 12 ರೂಪಾಯಿ ಇತ್ತು. 2022ರ ಜೂನ್ 1ರಿಂದ ಅದು 436 ಮತ್ತು 20 ಆಯಿತು. ವಿಮೆಯ ವರ್ಷ ಜೂನ್ 1ಕ್ಕೆ ಶುರು, ಮೇ 31ಕ್ಕೆ ಮುಗಿತು. ಮುಂದಿನ ವರ್ಷದ ಕಂತನ್ನು ಸಾಮಾನ್ಯವಾಗಿ ಮೇ 25ರಿಂದ 31ರೊಳಗೆ ಖಾತೆಯಿಂದ ಕಳೆಯುತ್ತಾರೆ. ಆಗ ಮತ್ತೆ ನಮ್ಮ ರುಜು ಕೇಳುವುದಿಲ್ಲ. ಖಾತೆ ತೆರೆಯುವಾಗಲೋ ಸಾಲದ ಅರ್ಜಿ ತುಂಬುವಾಗಲೋ "ಇಲ್ಲೊಂದು ಸೈನ್ ಹಾಕಮ್ಮ" ಅಂದಾಗ ಹಾಕಿದ್ದೇ ಸಾಕಾಗಿರುತ್ತದೆ.

ಎರಡು ಕಡೆ ಕಟ್ಟಿದರೆ ಎರಡು ಪಟ್ಟು ಬರದು

ನಮ್ಮ ಕಿಬ್ಬನಹಳ್ಳಿ ಕಡೆ ಹಾಲಿನ ಬಟವಾಡೆಗೆ ಒಂದು ಖಾತೆ, ಕೊಬ್ಬರಿ ದುಡ್ಡಿಗೆ ಒಂದು, ಸಂಘದ ಸಾಲಕ್ಕೆ ಮತ್ತೊಂದು. ನಿಮ್ಮಲ್ಲೂ ಹೀಗೇ ಇರಬಹುದು. ನಮ್ಮ ಬೀದಿಯ ಅಕ್ಕ ಒಬ್ಬರ ಎರಡು ಖಾತೆಗಳಿಂದಲೂ ಮೂರು ವರ್ಷ 436 ಹೋಗಿತ್ತು. "ನಾಳೆ ನಂಗೇನಾದ್ರೂ ಆದ್ರೆ ಮಕ್ಕಳಿಗೆ ನಾಲ್ಕು ಲಕ್ಷ ಬರುತ್ತೆ ಬಿಡಿ" ಅಂತ ಸಮಾಧಾನದಲ್ಲಿದ್ದರು. ನಿಯಮ ಹಾಗಿಲ್ಲ, ಸೋದರಿಯರೇ. ಒಬ್ಬರಿಗೆ ಒಂದೇ ಖಾತೆಯಿಂದ ಒಂದು ವಿಮೆ. ಎರಡು ಕಡೆ ಕಟ್ಟಿದರೂ ಸಿಗುವುದು 2 ಲಕ್ಷವೇ. ಹೆಚ್ಚಿಗೆ ಕಟ್ಟಿದ ಕಂತನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು ಎಂದು ನಿಯಮದಲ್ಲೇ ಇದೆ. ಆಕೆಯ 1,308 ರೂಪಾಯಿ ನೀರಿನಲ್ಲಿ ಹೋಮವಾಯಿತು. ಆದ್ದರಿಂದ ಹಣ ಹೋದ ಮೇಲೆ ಓಡಾಡುವುದಕ್ಕಿಂತ ಹೋಗುವ ಮುಂಚೆ ನಿಲ್ಲಿಸುವುದು ಜಾಣತನ.

ಸಿಟ್ಟಿನಲ್ಲಿ ಎಲ್ಲವನ್ನೂ ನಿಲ್ಲಿಸಬೇಡಿ

ಹಾಗಂತ "ಯಾವುದೂ ಬೇಡ" ಎಂದು ಬರೆದುಕೊಟ್ಟು ಬರಬೇಡಿ. ನಮ್ಮದು ತೆಂಗಿನ ಸೀಮೆ. ಕಾಯಿ ಕೀಳಲು ಮರ ಹತ್ತುವವರಿದ್ದಾರೆ, ಇರುಳಿನಲ್ಲಿ ತೋಟಕ್ಕೆ ನೀರು ಕಟ್ಟುವವರಿದ್ದಾರೆ. ಅಂಥ ಮನೆಯಲ್ಲಿ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ವಿಮೆ ಇರಲೇಬೇಕು. ಮರದಿಂದ ಬಿದ್ದರೆ, ಹಾವು ಕಚ್ಚಿದರೆ ತಕ್ಷಣ ಆಸ್ಪತ್ರೆಗೆ ಸೇರಿಸಿ, ಅಲ್ಲಿನ ಕಾಗದಗಳನ್ನು ಜೋಪಾನ ಮಾಡಿ. ವಿಮೆ ಹಣಕ್ಕೆ ಅದೇ ಸಾಕ್ಷಿ.

ದುಡಿಯುವ ಗಂಡನ ಹೆಸರಿನಲ್ಲಿರುವ ಜೀವನ ಜ್ಯೋತಿಯನ್ನೂ ಯೋಚಿಸಿಯೇ ನಿಲ್ಲಿಸಿ. ಬಿಟ್ಟು ಮತ್ತೆ ಸೇರಿದರೆ ಮೊದಲ 30 ದಿನ ಅಪಘಾತದ ಸಾವಿಗೆ ಬಿಟ್ಟು ಬೇರೆ ಸಾವಿಗೆ ಹಣ ಬರುವುದಿಲ್ಲ. ಇನ್ನೊಂದು ಮಾತು: ಮೇ ಕೊನೆಯಲ್ಲಿ ಖಾತೆಯಲ್ಲಿ ಅಷ್ಟು ದುಡ್ಡಿಲ್ಲದಿದ್ದರೆ ಬೇಕಾದ ವಿಮೆಯೂ ತಪ್ಪಿಹೋಗುತ್ತದೆ. ನಾವು ಮಾತ್ರ ವಿಮೆ ಇದೆ ಎಂದೇ ನಂಬಿ ಕೂತಿರುತ್ತೇವೆ. ಬೇಡದ ಖಾತೆಯಲ್ಲಿ ಹೋಗಿ, ಬೇಕಾದ ಖಾತೆಯಲ್ಲಿ ತಪ್ಪಿದರೆ ಅದಕ್ಕಿಂತ ನಷ್ಟ ಬೇರೆ ಏನಿದೆ?

ನಿಲ್ಲಿಸುವ ಬಗೆ

ಮೇ 15ರೊಳಗೆ ಮನೆಯ ಎಲ್ಲಾ ಪಾಸ್‌ಬುಕ್ಕುಗಳನ್ನೂ ಚಾಪೆಯ ಮೇಲೆ ಹರಡಿಕೊಂಡು ಕೂರಿ. ಯಾರ ಹೆಸರಿನಲ್ಲಿ, ಯಾವ ಖಾತೆಯಿಂದ, ಎಷ್ಟು ಹೋಗಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಉಳಿಸಿಕೊಳ್ಳುವ ವಿಮೆಗೆ ನಾಮಿನಿ ಯಾರು ಎಂದು ಬ್ಯಾಂಕಿನಲ್ಲಿ ಕೇಳಿ. ಬೇಡದ್ದಕ್ಕೆ ಹೀಗೆ ಬರೆದುಕೊಡಿ:

"ಶಾಖಾ ವ್ಯವಸ್ಥಾಪಕರಿಗೆ, ನನ್ನ ಉಳಿತಾಯ ಖಾತೆ ಸಂಖ್ಯೆ ......ರಿಂದ ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಯ ಕಂತನ್ನು ಕಳೆಯಲು ಕೊಟ್ಟಿದ್ದ ಒಪ್ಪಿಗೆಯನ್ನು ಈ ದಿನದಿಂದ ವಾಪಸ್ ಪಡೆದಿದ್ದೇನೆ. ಮುಂದೆ ಕಂತು ಕಳೆಯಬಾರದೆಂದು ಕೋರುತ್ತೇನೆ."

ಎರಡು ಪ್ರತಿ ಬರೆಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. "ಆಯ್ತು ಹೋಗಮ್ಮ, ನೋಡ್ತೀವಿ" ಎಂಬ ಬಾಯಿಮಾತಿಗೆ ಹಿಂತಿರುಗಬೇಡಿ.

ನೀವು ಒಪ್ಪಿಗೆಯನ್ನೇ ಕೊಟ್ಟಿಲ್ಲ ಎನ್ನಿಸಿದರೆ "ನನ್ನ ರುಜು ಇರುವ ಅರ್ಜಿ ತೋರಿಸಿ" ಎಂದು ಬರಹದಲ್ಲಿ ಕೇಳಿ, ಹಣ ವಾಪಸ್ ಹಾಕಲು ದೂರು ಕೊಡಿ. 30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಹೇಗೆ ಎಂದು ಕೇಳಲು 14448ಕ್ಕೆ ಫೋನ್ ಮಾಡಿ. ಸೀಲು ಹಾಕಿಸಿದ ಆ ಪ್ರತಿ ಆಗ ಉಪಯೋಗಕ್ಕೆ ಬರುತ್ತದೆ.

ಫೋನಿಗೆ ಬರುವ ಮೆಸೇಜು

ಖಾಸಗಿ ಕಂಪನಿಗಳ ಆರೋಗ್ಯ ವಿಮೆ, ಸ್ಕೂಟರ್ ವಿಮೆಗಳ ಕಂತೂ ಕಾರ್ಡು ಅಥವಾ ಯುಪಿಐ ಮೂಲಕ ತಾನಾಗಿ ಹೋಗುವುದುಂಟು. ರಿಸರ್ವ್ ಬ್ಯಾಂಕಿನ ನಿಯಮದಂತೆ ಇಂಥ ಹಣ ಕಳೆಯುವ ಕನಿಷ್ಠ 24 ಗಂಟೆ ಮುಂಚೆ ಮೆಸೇಜು ಬರಬೇಕು. ಬೇಡವೆಂದರೆ ಆ ಕಂತನ್ನು ಆಗಲೇ ತಡೆಯಬಹುದು. ಮೆಸೇಜುಗಳು ಇಂಗ್ಲಿಷಿನಲ್ಲಿವೆ ಎಂದು ಅಳಿಸಿಬಿಡಬೇಡಿ. ಓದುವ ಮಕ್ಕಳಿಂದ ಓದಿಸಿ ಕೇಳಿ. ಆದರೆ "ವಿಮೆ ನಿಲ್ಲಿಸಿಕೊಡ್ತೀವಿ, ಓಟಿಪಿ ಹೇಳಿ" ಅಂತ ಯಾರಾದರೂ ಫೋನ್ ಮಾಡಿದರೆ ಮಾತು ಬೆಳೆಸದೆ ಇಟ್ಟುಬಿಡಿ. ವಿಮೆ ನಿಲ್ಲಿಸಲು ಬ್ಯಾಂಕಿನವರು ಓಟಿಪಿ ಕೇಳಿ ಫೋನ್ ಮಾಡುವುದಿಲ್ಲ.

ಅಟ್ಟದ ಮೇಲೆ ಹಾಕಿದ ಕಾಯನ್ನು ಕೊಬ್ಬರಿಯಾಗುವವರೆಗೆ ತಿಂಗಳುಗಟ್ಟಲೆ ಕಾಯುವವರು ನಾವು. ಆ ದುಡ್ಡು ಬ್ಯಾಂಕಿಗೆ ಸೇರಿದ ಮೇಲೂ ವರ್ಷಕ್ಕೊಂದು ಮಧ್ಯಾಹ್ನ ಅದಕ್ಕಾಗಿ ಕೂರೋಣ. ಈಗಲೇ ಗೋಡೆಯ ಕ್ಯಾಲೆಂಡರಿನಲ್ಲಿ ಮೇ 15ಕ್ಕೆ ಒಂದು ಗುರುತು ಹಾಕಿಬಿಡಿ.