ಮೂರು ಲಕ್ಷ ದಾಟದ ಊರುಗಳ ಹಕ್ಕು

2010ರ ಜುಲೈ 20ರಂದು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಕೆಲವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡರು. ತಲೆಮಾರುಗಳಿಂದ ಊರಿನ ಮಲ ಹೊತ್ತವರನ್ನೇ ವಾಸದ ಜಾಗದಿಂದ ಎಬ್ಬಿಸುವ ಪ್ರಯತ್ನ ನಡೆದಿತ್ತು. ಮಲ ಹೊರಿಸುವುದನ್ನು ನಿಷೇಧಿಸುವ ಕಾಯ್ದೆ 1993ರಲ್ಲೇ ಬಂದಿತ್ತು. ಇನ್ನಷ್ಟು ಬಿಗಿಯಾದದ್ದು 2013ರಲ್ಲಿ ಬಂತು. ಆದರೆ ಸವಣೂರಿನವರು ಕೇಳಿದ್ದು ಹೊಸ ಕಾಯ್ದೆಯನ್ನಲ್ಲ, ಸೂರು ಮತ್ತು ನೀರನ್ನು.

ಮಾನವ ಹಕ್ಕು ಎಂದೊಡನೆ ನಮಗೆ ಪೊಲೀಸ್ ಠಾಣೆ, ನ್ಯಾಯಾಲಯ ನೆನಪಾಗುತ್ತವೆ; ನಲ್ಲಿ, ಚರಂಡಿ ನೆನಪಾಗುವುದಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಕುಡಿಯುವ ನೀರು, ಶೌಚಾಲಯ ಒದಗಿಸುವುದು ಉಪಕಾರವಲ್ಲ.

ಇದನ್ನೆಲ್ಲ ಕೇಳುವುದೆಲ್ಲಿ? ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಯನ್ನು ಕಡ್ಡಾಯಗೊಳಿಸಿದ್ದು ಮೂರು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ. 2011ರ ಜನಗಣತಿಯಂತೆ ರಾಣೆಬೆನ್ನೂರು ಒಂದು ಲಕ್ಷವನ್ನು ತುಸುವೇ ದಾಟಿತ್ತು. ಹಾವೇರಿ, ಬ್ಯಾಡಗಿ ಅದಕ್ಕೂ ಚಿಕ್ಕವು. ಹಳ್ಳಿಗರಿಗೆ ಗ್ರಾಮಸಭೆಯುಂಟು, ಮಹಾನಗರದವರಿಗೆ ವಾರ್ಡ್ ಸಮಿತಿಯುಂಟು. ನಡುವಣ ಊರಿನವರಿಗೆ ಅರ್ಜಿ ಹಿಡಿದು ಕಚೇರಿಯ ಮೆಟ್ಟಿಲು ಹತ್ತುವುದೊಂದೇ ದಾರಿ ಎಂಬಂತಾಗಿದೆ. ಕಡ್ಡಾಯವಿಲ್ಲವೆಂದರೆ ನಿಷೇಧವಿದೆ ಎಂದೇನೂ ಅಲ್ಲ. ಈ ಮೂರು ಊರುಗಳ ನಗರಸಭೆ, ಪುರಸಭೆಗಳು ವಾರ್ಡ್ ಸಭೆ ಕರೆಯಲಿ. ಮೊದಲ ಸಭೆ ಪೌರಕಾರ್ಮಿಕರ ಓಣಿಯಲ್ಲೇ ನಡೆಯಲಿ.